ಪ್ರತಿ ಮನೆಯಲ್ಲೂ ಕೊಂಕು ತೆಗೆಯುವ ಗಂಡ: ಒಂದು ಆಪ್ತಸಲಹೆ ಪ್ರಕರಣ

ಗೀತಾ, ಮಂಜು ಇಬ್ಬರದೂ ನಿಜವಾದ ಹೆಸರಲ್ಲ. ಕೆಲಸ, ವಯಸ್ಸು, ತವರೂರುಗಳನ್ನೂ ಬದಲಿಸಿದ್ದೇನೆ. ಅವರು ಈಗಿರುವ ಊರಿನ ಹೆಸರನ್ನು ಮಾತ್ರ ಅವರ ಒಪ್ಪಿಗೆ ಪಡೆದು ಹಾಗೇ ಉಳಿಸಿಕೊಂಡಿದ್ದೇನೆ. ಆ ಊರನ್ನು ತೆಗೆದುಬಿಟ್ಟರೆ ಈ ಪ್ರಕರಣ ಅರ್ಥವಾಗುವುದಿಲ್ಲ.

ಊರು ಯೆಲ್ಲೊನೈಫ್. ಕೆನಡಾದ ನಾರ್ತ್‌ವೆಸ್ಟ್ ಟೆರಿಟರೀಸ್‌ನ ರಾಜಧಾನಿ. ರಾಜಧಾನಿ ಅಂದರೂ ಜನ ಇರುವುದು ಸುಮಾರು 20 ಸಾವಿರ. ದೊಡ್ಡ ಪಟ್ಟಣ ಬೇಕೆಂದರೆ ಎಡ್ಮಂಟನ್‌ಗೆ ಹೋಗಬೇಕು, ರಸ್ತೆಯಲ್ಲಿ ಸುಮಾರು 1,450 ಕಿಲೋಮೀಟರ್. ಜನವರಿ ರಾತ್ರಿಗಳಲ್ಲಿ ಮೈನಸ್ 30 ಡಿಗ್ರಿ ಮಾಮೂಲು, ಮೈನಸ್ 40 ಆದರೂ ಯಾರೂ ಬೆರಗಾಗುವುದಿಲ್ಲ. ಡಿಸೆಂಬರ್ ಕೊನೆಯಲ್ಲಿ ಸೂರ್ಯ ಕಾಣುವುದು ಹೆಚ್ಚುಕಮ್ಮಿ ಐದು ಗಂಟೆ.

ಗೀತಾ ನರ್ಸ್. ಮಂಜು ಬೆಂಗಳೂರಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದವರು. ಯೆಲ್ಲೊನೈಫ್‌ನಲ್ಲಿ ಅವರಿಗೆ ಒಂದು ಅಂಗಡಿಯಲ್ಲಿ ಪಾರ್ಟ್‌ಟೈಮ್ ಕೆಲಸ. ಮೊದಲು ಫೋನ್ ಮಾಡಿದ್ದು ಗೀತಾ. "ಮೇಡಂ, ಮನೆ ತಗೊಳ್ಳೋಣ ಅಂದ್ರೆ ಇವ್ರು ಬೇಡ ಅನ್ನಲ್ಲ. ಆದ್ರೆ ನೋಡಿದ ಪ್ರತಿ ಮನೇಲೂ ಏನಾದ್ರೂ ಕೊಂಕು ತೆಗೀತಾರೆ. ಎರಡು ವರ್ಷ ಆಯ್ತು." ಇದರ ಮೇಲೆ ದಾವಣಗೆರೆಯಿಂದ ಅತ್ತೆಯ ಫೋನ್: ಎಷ್ಟು ದಿನ ಅಂತ ಬಾಡಿಗೆ ಕಟ್ತೀರಿ?

ಇಬ್ಬರನ್ನೂ ಒಟ್ಟಿಗೆ ವಿಡಿಯೋದಲ್ಲಿ ಕೂರಿಸಿಕೊಂಡಾಗ ಮಂಜು ತಮ್ಮ ಕೊಂಕುಗಳನ್ನು ಒಂದೊಂದಾಗಿ ಬಿಚ್ಚಿಟ್ಟರು. ಸುಮ್ನೆ ಹೇಳಬಾರದು, ಒಂದೂ ಪೊಳ್ಳಲ್ಲ. ಆ ಊರಿನ ನೆಲದಡಿ ಅಲ್ಲಲ್ಲಿ ವರ್ಷವಿಡೀ ಹೆಪ್ಪುಗಟ್ಟಿಯೇ ಇರುವ ಮಣ್ಣಿದೆ. ಮನೆಯ ಬಿಸಿಗೋ ಬೇರೆ ಕಾರಣಕ್ಕೋ ಅದು ಕರಗಿದರೆ ಮನೆ ಒಂದು ಕಡೆಗೆ ಕುಸಿಯುತ್ತದೆ. ನೆಲ ಓರೆಯಾಗುತ್ತದೆ, ಬಾಗಿಲು ಹಿಡಿದುಕೊಳ್ಳುತ್ತದೆ. ಬಂಡೆಯ ಮೇಲೆ ಕಟ್ಟಿದ ಮನೆಗೆ ಈ ಭಯವಿಲ್ಲ. ಜೇಡಿಮಣ್ಣಿನ ಮೇಲಿದ್ದರೆ ಕೆಳಗಿನ ಕಂಬಗಳನ್ನು ಆಗಾಗ ಎತ್ತಿ ತಗ್ಗಿಸಿ ಸರಿಮಾಡಿಸಬೇಕು. ಒಂದು ಮನೆಯಲ್ಲಿ ಮಂಜು ಅಡುಗೆಮನೆ ನೆಲದ ಮೇಲೆ ಗೋಲಿ ಇಟ್ಟು ನೋಡಿದ್ದರಂತೆ. ಅದು ಉರುಳಿಕೊಂಡು ಫ್ರಿಜ್ ಕೆಳಗೆ ಹೋಯಿತು. ಇನ್ನೊಂದು ಮನೆ ಚೆನ್ನಾಗಿತ್ತು, ಆದರೆ ಆ ಬೀದಿಗೆ ನೀರಿನ ಪೈಪಿಲ್ಲ. ನೀರು ಲಾರಿಯಲ್ಲಿ ಬಂದು ಟ್ಯಾಂಕಿಗೆ ಬೀಳಬೇಕು, ಕೊಳಚೆಯನ್ನೂ ಲಾರಿಯೇ ಎಳೆದುಕೊಂಡು ಹೋಗಬೇಕು. ಮೂರನೆಯದರಲ್ಲಿ ಮನೆ ಬಿಸಿಮಾಡುವ ಎಣ್ಣೆಯ ಟ್ಯಾಂಕ್ ಹಳೆಯದು, ವಿಮೆಯವರು ತಕರಾರು ಮಾಡುತ್ತಾರೆ. ಜೊತೆಗೆ ವಜ್ರದ ಗಣಿಗಳ ಮಾತು. ಆ ಭಾಗದ ದೊಡ್ಡ ಗಣಿಗಳಲ್ಲೊಂದಾದ ಡಯಾವಿಕ್ 2026ರಲ್ಲಿ ಕೆಲಸ ಮುಗಿಸುವುದಾಗಿ ಮೊದಲೇ ಹೇಳಿತ್ತು. ಗಣಿ ನಿಂತರೆ ಮನೆ ಬೆಲೆ ಏನಾಗುತ್ತೆ, ಅಂತ ಮಂಜು ಕೇಳುತ್ತಿದ್ದರು.

ಗೀತಾ ಒಂದೊಂದಕ್ಕೂ ಎಕ್ಸೆಲ್ ಹಾಳೆ ತೆಗೆದು ಉತ್ತರ ಕೊಟ್ಟರು. ಬಾಡಿಗೆ ಇಷ್ಟು, ಕಂತು ಇಷ್ಟು, ಎಣ್ಣೆ ಇಷ್ಟು. ಇಬ್ಬರೂ ಜಾಣರು. ಈ ವಾದ ಇನ್ನೂ ಹತ್ತು ವರ್ಷ ನಡೆಯಬಹುದಿತ್ತು.

ಆಮೇಲೆ ಮಂಜು ಒಬ್ಬರ ಜೊತೆಯೇ ಮಾತಾಡಿದೆ. ಬಂಡೆ ಮೇಲಿರುವ, ಪೈಪಿನಲ್ಲಿ ನೀರು ಬರುವ, ಟ್ಯಾಂಕೂ ಹೊಸದಿರುವ ಮನೆ ಸಿಕ್ಕಿದರೆ ಏನು ಮಾಡ್ತೀರಿ ಅಂತ ಕೇಳಿದೆ. "ಆಗ ಛಾವಣಿ ನೋಡ್ತೀನಿ ಮೇಡಂ" ಅಂದು ನಕ್ಕರು. ನಗು ನಿಂತ ಮೇಲೆ ನಿಜ ಹೊರಗೆ ಬಂತು. ಅವರಿಗೆ ಆ ಊರಲ್ಲಿ ಉಳಿಯುವ ಮನಸ್ಸೇ ಇರಲಿಲ್ಲ. ಹಾಗಾದರೆ ಹೇಳಬಹುದಿತ್ತಲ್ಲ? "ಅವಳ ಸಂಬಳದಲ್ಲಿ ಊಟ ಮಾಡ್ತಿದೀನಿ. ಬೇಡ ಅನ್ನೋಕೆ ನಾನ್ಯಾರು?"

ಇನ್ನೊಂದು ವಿಷಯವೂ ಬಂತು. ನವೆಂಬರ್ ಬಂತೆಂದರೆ ಮಂಜುಗೆ ಮಧ್ಯಾಹ್ನದವರೆಗೂ ಏಳಲು ಆಗುವುದಿಲ್ಲ. ಅನ್ನ, ಸಿಹಿ ಜಾಸ್ತಿ ತಿನ್ನುತ್ತಾರೆ. ಗೆಳೆಯರ ಫೋನ್ ಎತ್ತುವುದಿಲ್ಲ. ಏಪ್ರಿಲ್‌ನಲ್ಲಿ ತಾನಾಗಿಯೇ ಸರಿಹೋಗುತ್ತದೆ. ಹೋದ ಚಳಿಗಾಲದಲ್ಲೂ ಹೀಗೇ, ಅದರ ಹಿಂದಿನದರಲ್ಲೂ ಹೀಗೇ. ಬೆಳಕು ಕಡಿಮೆಯಾದಾಗ ಬರುವ ಈ ಬಗೆಯ ಖಿನ್ನತೆಯನ್ನು ಅಮೆರಿಕದಲ್ಲಿ ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು 1984ರಲ್ಲೇ ವಿವರಿಸಿದ್ದಾರೆ. ಮಂಜು ಅದನ್ನು ಸೋಮಾರಿತನ ಅಂದುಕೊಂಡಿದ್ದರು. ಬೇಸರದ ಸಂಗತಿ ಅಂದರೆ, ಮನೆಯಲ್ಲೇ ನರ್ಸ್ ಇದ್ದರೂ ಹೇಳಿಕೊಂಡಿರಲಿಲ್ಲ.

ಗೀತಾ ಜೊತೆ ಮಾತಾಡಿದಾಗ ಎಕ್ಸೆಲ್ ಹಾಳೆಯ ಹಿಂದಿದ್ದದ್ದು ಕಂಡಿತು. 2023ರ ಆಗಸ್ಟ್‌ನಲ್ಲಿ ಕಾಡ್ಗಿಚ್ಚು ಹತ್ತಿರ ಬಂದು ಯೆಲ್ಲೊನೈಫ್ ಊರಿಗೆ ಊರನ್ನೇ ಖಾಲಿ ಮಾಡಿಸಿದ್ದರು. ಇವರಿಬ್ಬರೂ ಹೊಗೆಯೊಳಗೆ ಕಾರು ಓಡಿಸಿಕೊಂಡು ದಕ್ಷಿಣಕ್ಕೆ ಹೋದರು. ಸೆಪ್ಟೆಂಬರ್‌ನಲ್ಲಿ ವಾಪಸ್ ಬಂದಾಗ ಅಕ್ಕಪಕ್ಕದವರು ಅಪ್ಪಿಕೊಂಡರಂತೆ. "ಅವತ್ತು ಮೊದಲ ಸಲ ಇದು ನನ್ನೂರು ಅನ್ನಿಸ್ತು ಮೇಡಂ." ಅದೇ ಪ್ರಯಾಣ ಮಂಜು ತಲೆಯಲ್ಲಿ, ಈ ಊರು ಯಾವಾಗ ಬೇಕಾದರೂ ಸುಟ್ಟು ಹೋಗಬಹುದು ಅಂತ ಉಳಿದಿತ್ತು. ಒಂದೇ ಕಾರಿನಲ್ಲಿ ಕೂತಿದ್ದವರು ಇದನ್ನು ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ.

ಸಲಹೆಯಲ್ಲಿ ಮೊದಲು ಹೇಳಿದ್ದು ಮನೆಯ ವಿಷಯವಲ್ಲ. ಮಂಜು ಡಾಕ್ಟರ್ ಹತ್ತಿರ ಹೋಗಬೇಕು ಅಂದೆ. ಇಂಥ ಖಿನ್ನತೆಗೆ ಬೆಳಗ್ಗೆ ಎದ್ದೊಡನೆ ಸುಮಾರು ಅರ್ಧ ಗಂಟೆ 10,000 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ತೀವ್ರತೆಯ ಅಳತೆ) ದೀಪದ ಮುಂದೆ ಕೂರಿಸುವ ಚಿಕಿತ್ಸೆ ಇದೆ. ಆದರೆ ದೀಪವನ್ನು ತಾವೇ ತರಿಸಿಕೊಂಡು ಶುರು ಮಾಡಬೇಡಿ ಅಂದೆ. ಕಣ್ಣಿನ ತೊಂದರೆ ಇರುವವರಿಗೆ, ಮನಸ್ಸು ಒಮ್ಮೆ ವಿಪರೀತ ಉಬ್ಬಿ ಒಮ್ಮೆ ಕುಗ್ಗುವ ಬೈಪೋಲಾರ್ ಕಾಯಿಲೆ ಇರುವವರಿಗೆ ಅದು ಎಡವಟ್ಟಾಗಬಹುದು.

ಎರಡನೆಯದು, ಬೇಡ ಅನ್ನುವ ಹಕ್ಕು ಸಂಬಳದ ಮೇಲೆ ನಿಂತಿಲ್ಲ. ಇಲ್ಲಿ ಉಳಿಯುವ ಮನಸ್ಸಿಲ್ಲ ಅನ್ನುವುದನ್ನು ಮಂಜು ನನ್ನೆದುರೇ ಗೀತಾಗೆ ಹೇಳಬೇಕು, ನಡುವೆ ಎಣ್ಣೆ ಟ್ಯಾಂಕ್ ತರಬಾರದು ಅಂದೆ. ಅವರು ಹೇಳಿದರು. ಗೀತಾ ಕರಗಿ ಅಳುತ್ತಾರೆ ಅಂತ ನೀವು ಅಂದುಕೊಂಡಿದ್ದರೆ, ಹಾಗಾಗಲಿಲ್ಲ. ಸಿಟ್ಟು ಬಂತು. "ರಜಾ ದಿನವೆಲ್ಲ ಮನೆ ಮನೆ ಅಲೆಸಿದ್ರಲ್ರೀ ನನ್ನ!" ಆ ಸಿಟ್ಟು ನ್ಯಾಯವಾದದ್ದೇ. ಅದನ್ನು ತಣಿಸಲು ನಾನು ಹೋಗಲಿಲ್ಲ.

ಮನೆ ಕೊಳ್ಳಬೇಕೋ ಬೇಡವೋ ಅಂತ ನಾನು ಸಾಮಾನ್ಯವಾಗಿ ಹೇಳುವುದಿಲ್ಲ. ಇಲ್ಲಿ ಮಾತ್ರ, ಈ ಚಳಿಗಾಲದಲ್ಲಿ ಸಹಿ ಹಾಕಬೇಡಿ ಅಂದೆ. ಮನಸ್ಸು ಕುಗ್ಗಿರುವಾಗ ಬೇಡ ಅಂದದ್ದೂ ಪೂರ್ತಿ ಅವರ ಮಾತಲ್ಲ, ಹೂಂ ಅಂದದ್ದೂ ಅಲ್ಲ. ಆದರೆ ಮನೆಗಳನ್ನು ನೋಡುವುದಾದರೆ ಫೆಬ್ರವರಿಯಲ್ಲೇ ನೋಡಲಿ. ಜೂನ್‌ನಲ್ಲಿ ದಿನಕ್ಕೆ 20 ಗಂಟೆ ಬೆಳಕಿರುವಾಗ ಎಲ್ಲ ಮನೆಯೂ ಚೆಂದ. ನೋಡುವುದು ಚಳಿಯಲ್ಲಿ, ತೀರ್ಮಾನ ಮೇ ತಿಂಗಳಲ್ಲಿ.

ದುಡ್ಡಿನ ಲೆಕ್ಕಕ್ಕಿಂತ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಲು ಹೇಳಿದೆ: ಐದು ವರ್ಷ ಇಲ್ಲಿರುತ್ತೀವಾ? ಕೆನಡಾದಲ್ಲಿ ಬಹಳ ಜನ ಮನೆ ಸಾಲಕ್ಕೆ ಐದು ವರ್ಷದ ಸ್ಥಿರ ಬಡ್ಡಿ ಒಪ್ಪಂದ ಮಾಡಿಕೊಳ್ಳುತ್ತಾರೆ. ನಡುವೆ ಮುರಿದರೆ ಸಾಮಾನ್ಯವಾಗಿ ಮೂರು ತಿಂಗಳ ಬಡ್ಡಿಯನ್ನೋ ಒಪ್ಪಂದದ ಬಡ್ಡಿಗೂ ಈಗಿನ ಬಡ್ಡಿಗೂ ಇರುವ ವ್ಯತ್ಯಾಸವನ್ನೋ, ಯಾವುದು ಜಾಸ್ತಿಯೋ ಅದನ್ನು ದಂಡವಾಗಿ ಕಟ್ಟಬೇಕು. ಗೀತಾ ಹಾಳೆಯಲ್ಲಿ ಎಲ್ಲವೂ ಇತ್ತು, ಇದೊಂದು ಸಾಲು ಇರಲಿಲ್ಲ. ಅತ್ತೆಯ ಫೋನಿಗೆ ಇನ್ನು ಮುಂದೆ ಉತ್ತರ ಕೊಡಬೇಕಾದವರು ಮಂಜು, ಗೀತಾ ಅಲ್ಲ ಅಂತಲೂ ಹೇಳಿದೆ.

ಡಾಕ್ಟರ್ ನೋಡಿ, ಋತುಮಾನದ ಖಿನ್ನತೆಯೇ ಅಂದರು. ದೀಪದ ಚಿಕಿತ್ಸೆ ಶುರುವಾಗಿದೆ. ಮಂಜು ಒಂದು ಸಣ್ಣ ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಅರ್ಜಿ ಹಾಕಿದ್ದಾರೆ. ಐದು ವರ್ಷದ ಪ್ರಶ್ನೆಗೆ ಇಬ್ಬರ ಉತ್ತರ ಇನ್ನೂ ಕೂಡಿಲ್ಲ. ಗೀತಾ ಮೇ ತಿಂಗಳವರೆಗೆ ಕಾಯಲು ಒಪ್ಪಿದ್ದಾರೆ, ಒಂದು ಷರತ್ತಿನ ಮೇಲೆ: ಅಷ್ಟರೊಳಗೆ ಮಂಜು ಎಲ್ಲಿ ಇರಲು ಇಷ್ಟಪಡುತ್ತಾರೆ ಅಂತ ಊರಿನ ಹೆಸರು ಹೇಳಬೇಕು. ದಾವಣಗೆರೆಯೋ ಎಡ್ಮಂಟನ್ನೋ, ಎಲ್ಲಾದರೂ ಸರಿ, "ಇಲ್ಲಿ ಬೇಡ" ಅಂದರೆ ಮಾತ್ರ ಸಾಲದು.