ಎರಡೂವರೆ ವರ್ಷದ ಮಗು ಆಟಿಕೆ ಕೊಡಲ್ಲ ಅಂದರೆ ತಿದ್ದೋದೇನಿದೆ?

ಮಗಳು ಆಟದ ಸಾಮಾನು ಯಾರಿಗೂ ಕೊಡಲ್ಲ, ಪ್ಲೇಹೋಮ್‌ಗೆ ಹಾಕಲಾ, ಮನೆಯಲ್ಲೇ ತಿದ್ದಲಾ ಅಂತ ಕೇಳಿದ್ದೀರಿ. ಅಯ್ಯೋ, ಇದು ನಮ್ಮನೆ ಕಥೆ.

ನನ್ನ ಮಗನಿಗೂ ಆಗ ಎರಡೂವರೆ. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ಬರೋ ದುಗ್ಗಮ್ಮನ ಜಾತ್ರೆಯಲ್ಲಿ ಕೊಡಿಸಿದ ಪ್ಲಾಸ್ಟಿಕ್ ಟ್ರ್ಯಾಕ್ಟರ್ ಒಂದಿತ್ತು. ಮಲಗುವಾಗಲೂ ಪಕ್ಕದಲ್ಲೇ ಇರಬೇಕು. ಒಂದು ಭಾನುವಾರ ನಾದಿನಿ ಮಗಳ ಜೊತೆ ಬಂದಳು. ಮಂಡಕ್ಕಿ, ಮಿರ್ಚಿ ಇಟ್ಟುಕೊಂಡು ಕೂತಿದ್ದೆವು. ಆ ಹುಡುಗಿ ಟ್ರ್ಯಾಕ್ಟರ್ ಕೇಳಿತು. ಇವನು ಎದೆಗವಚಿಕೊಂಡ. "ಏನತ್ತಿಗೆ, ನಿಮ್ಮ ಮಗ ಇಷ್ಟು ಜಿಪುಣ!" ಅಂತ ನಾದಿನಿ ನಕ್ಕಳು. ನಾನು ಎದ್ದು ಹೋಗಿ ಅವನ ಕೈಯಿಂದ ಕಿತ್ತು ಆ ಮಗುವಿಗೆ ಕೊಟ್ಟೆ.

ಕೊಡಿಸಿದೆ ಅಂತ ಹೇಳ್ತಿಲ್ಲ ನೋಡಿ. ಕಿತ್ತೆ. ಹಂಚಿಕೊಳ್ಳೋದು ಕಲಿಸ್ತಿದ್ದೀನಿ ಅಂದುಕೊಂಡಿದ್ದೆ. ಅವನು ಕಲಿತದ್ದೇ ಬೇರೆ. ದೊಡ್ಡವರಾದವರು ಚಿಕ್ಕವರ ಕೈಯಿಂದ ಕಿತ್ತುಕೊಳ್ಳಬಹುದು ಅನ್ನೋದು! ಅಂದಿನಿಂದ ಗೇಟು ಸದ್ದಾದರೆ ಸಾಕು, ಸಾಮಾನೆಲ್ಲ ಮಂಚದ ಕೆಳಗೆ ತಳ್ಳುತ್ತಿದ್ದ. ಮೂರು ತುಂಬಿ ಅಂಗನವಾಡಿಗೆ ಹೋದ ಮೇಲೆ ತನಗಿಂತ ಸಣ್ಣವರ ಕೈಯಿಂದ ಕಿತ್ತುಕೊಂಡು ಬರೋಕೆ ಶುರು ಮಾಡಿದ. ಅದಕ್ಕೆ ಬೈದವಳೂ ನಾನೇ. ಯೋಚಿಸಿದರೆ ಅವತ್ತು ಪಾಠವೂ ಇರಲಿಲ್ಲ, ಏನೂ ಇರಲಿಲ್ಲ. ನಾದಿನಿ ಮುಂದೆ ನನ್ನ ಮಾನ ಉಳಿಯಬೇಕಿತ್ತು, ಅಷ್ಟೇ.

ಅಮೆರಿಕದ ಸಂಶೋಧಕಿ ಮಿಲ್ಡ್ರೆಡ್ ಪಾರ್ಟನ್ ಅನ್ನೋರು 1932ರಲ್ಲೇ ಮಕ್ಕಳ ಆಟ ನೋಡಿ ಬರೆದಿದ್ದಾರೆ. ಈ ವಯಸ್ಸಿನವು ಜಾಸ್ತಿ ಒಂಟಿಯಾಗಿ, ಇಲ್ಲಾ ಪಕ್ಕಪಕ್ಕ ಕೂತು ತಮ್ಮ ಪಾಡಿಗೆ ಆಡ್ತವೆ. ಕೂಡಿ ಆಡೋದು ಆಮೇಲೆ. ಅಂದ ಮೇಲೆ ತಿದ್ದೋದೇನಿದೆ? ಪ್ಲೇಹೋಮ್‌ಗೆ ಬೇರೆ ಕಾರಣವಿದ್ದರೆ ಹಾಕಿ. ರಿಪೇರಿಗೆ ಅಂತ ಬೇಡ.

ನೆಂಟರು ಬರೋ ಮುಂಚೆ "ಯಾವುದು ಎತ್ತಿಡೋಣ?" ಅಂತ ಮಗಳನ್ನೇ ಕೇಳಿ, ಎತ್ತಿಡಿ. ಹೊರಗೆ ಸ್ಟೀಲ್ ಬಟ್ಟಲು, ಚಮಚ ಎಲ್ಲ ಎರಡೆರಡು ಇರಲಿ. ಜಗಳವಾದರೆ "ಆಡಿ ಆದ ಮೇಲೆ ಕೊಡ್ತೀಯಾ?" ಅನ್ನಿ, ಕಾಯಿರಿ. ಅತ್ತರೆ "ಬೇಜಾರಾಯ್ತಾ?" ಅನ್ನಿ. ನಾನು ಹೀಗೆ ಶುರು ಮಾಡಿದ್ದು ಅವನಿಗೆ ನಾಲ್ಕಾದಾಗ. ಮಂಚದ ಕೆಳಗಿನ ಸಾಮಾನು ಹೊರಗೆ ಬರೋಕೆ ವರ್ಷ ಹಿಡಿಯಿತು.

ಈಗ ಅವನಿಗೆ 14. ಎದುರು ಕೂರಿಸಿ ಕೇಳಿದರೆ "ಏನಿಲ್ಲ" ಅಂತಾನೆ. ಸ್ಕೂಟಿಯಲ್ಲಿ ಕುಂದವಾಡ ಕೆರೆಗೆ ಹೋಗುವಾಗ ಹಿಂದೆ ಕೂತು ಎಲ್ಲ ಹೇಳ್ತಾನೆ. ಅದು ಬೇರೆ ಪ್ರಶ್ನೆ ಬಿಡಿ.

ನಿಮ್ಮ ನಾದಿನಿ ಏನಾದರೂ ಅಂದರೆ, ನಕ್ಕು ಅವರ ತಟ್ಟೆಗೆ ಇನ್ನೊಂದು ಮಿರ್ಚಿ ಹಾಕಿ.