ಮಗು ಆದಮೇಲೆ ಸೈಕಲ್ ರೇಸ್ ಮುಗೀತಾ?

ಪ್ರಶ್ನೆ: ಸರ್, ಕಾಲೇಜಿನಲ್ಲಿದ್ದಾಗ ಸೈಕಲ್ ರೇಸಿಗೆ ಹೋಗುತ್ತಿದ್ದೆ. ಈಗ ಎರಡು ವರ್ಷದ ಮಗಳಿದ್ದಾಳೆ. ಹಗಲೆಲ್ಲ ದಾಲ್ ಮಿಲ್ಲಿನಲ್ಲಿ ಕೆಲಸ. ಮತ್ತೆ ಶುರು ಮಾಡುತ್ತೇನೆ ಅಂದರೆ ‘ಹಡೆದ ಮೇಲೆ ಎಂಥ ರೇಸು’ ಅನ್ನುತ್ತಾರೆ. ಮಗು ಸಾಕಿಕೊಂಡು, ದುಡಿದುಕೊಂಡು ಚಾಂಪಿಯನ್ ಆದ ಹೆಂಗಸರು ಯಾರಾದರೂ ಇದ್ದಾರಾ?
– ಓದುಗರು, ಸೇಡಂ

ಉತ್ತರ: ಇದ್ದರು ತಂಗಿ. ಹೆಸರು ಬೆರಿಲ್ ಬರ್ಟನ್, ಇಂಗ್ಲೆಂಡಿನ ಯಾರ್ಕ್‌ಶೈರ್ ಕಡೆಯವರು. ಕಲಬುರಗಿಯಲ್ಲಿ ಪಿ.ಟಿ. ಮಾಸ್ತರನಾಗಿದ್ದಾಗ ಓಟ ಬಿಡುತ್ತೇನೆ ಅಂದ ಹುಡುಗಿಯರಿಗೆಲ್ಲ ನಾನು ಹೇಳುತ್ತಿದ್ದದ್ದು ಇವರ ಕಥೆಯನ್ನೇ.

ಮಗಳು ಡೆನಿಸ್ ಹುಟ್ಟಿದ್ದು 1956ರಲ್ಲಿ. ಬೆರಿಲ್ ಮೊದಲ ವಿಶ್ವ ಪದಕ ಗೆದ್ದದ್ದು 1959ರಲ್ಲಿ! ರಸ್ತೆ ರೇಸಿನಲ್ಲಿ 1960 ಮತ್ತು 1967ರಲ್ಲಿ ವಿಶ್ವ ಚಾಂಪಿಯನ್. ಟ್ರ್ಯಾಕಿನಲ್ಲಿ ಇನ್ನೂ ಐದು ಸಲ. ಸಂಬಳದ ಆಟಗಾರ್ತಿ ಆಗಲೇ ಇಲ್ಲ. ರೂಬಾರ್ಬ್ ಎಂಬ ಕೆಂಪು ದಂಟಿನ ಬೆಳೆಯ ಹೊಲದಲ್ಲಿ ಮೈಮುರಿದು ದುಡಿಯುತ್ತಿದ್ದರು. ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಸೈಕಲ್ ಸ್ಪರ್ಧೆ ಶುರುವಾದದ್ದೇ 1984ರಲ್ಲಿ, ಹಾಗಾಗಿ ಆ ಪದಕ ಇವರಿಗೆ ಸಿಗಲಿಲ್ಲ. ಅದು ದೊಡ್ಡ ಅನ್ಯಾಯ.

1967ರ 12 ಗಂಟೆಗಳ ಟೈಮ್ ಟ್ರಯಲ್ ಕೇಳಿ. ಇದರಲ್ಲಿ ಒಬ್ಬೊಬ್ಬರೇ ಹೊರಡಬೇಕು, 12 ಗಂಟೆಯಲ್ಲಿ ಯಾರು ಎಷ್ಟು ದೂರ ಹೋದರು ಅನ್ನುವುದೇ ಲೆಕ್ಕ. ಗಂಡಸರೆಲ್ಲ ಹೋದಮೇಲೆ ಹೆಂಗಸರ ಸರದಿ. ಬೆರಿಲ್ ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತ ಹೋದರು. ಕೊನೆಗೆ ಗಂಡಸರಲ್ಲೇ ಮುಂದಿದ್ದ ಮೈಕ್ ಮೆಕ್‌ನಮಾರಾ ಸಿಕ್ಕರು. ಪಕ್ಕಕ್ಕೆ ಬಂದಾಗ ಬೆರಿಲ್ ಜೇಬಿನಿಂದ ಒಂದು ಮಿಠಾಯಿ ತೆಗೆದು ಅವರ ಕೈಗೆ ಕೊಟ್ಟು ಮುಂದೆ ಸಾಗಿದರು. ಒಟ್ಟು 277.25 ಮೈಲಿ, ಅಂದರೆ 446 ಕಿ.ಮೀ. ಕಲಬುರಗಿಯಿಂದ ಹೈದರಾಬಾದಿಗೆ ಹೋಗಿ ವಾಪಸ್ ಬಂದಷ್ಟು. ಅದೇ ದಿನ ಮೆಕ್‌ನಮಾರಾ ಕೂಡ ಗಂಡಸರ ಹಳೆಯ ದಾಖಲೆ ಮುರಿದರು, ಆದರೂ ಬೆರಿಲ್ ಅವರಿಗಿಂತ ಸುಮಾರು ಒಂದು ಕಿ.ಮೀ. ಮುಂದೆ! ಹೆಂಗಸರಲ್ಲಿ ಆ ದಾಖಲೆ 50 ವರ್ಷ ನಿಂತಿತು.

ಗಂಡ ಚಾರ್ಲಿಯ ಮಾತು ಬಿಡಬಾರದು. ಬೆರಿಲ್‌ಗೆ ಸೈಕಲ್ ಹಚ್ಚಿದವರೇ ಅವರು. ಸೈಕಲ್ ರಿಪೇರಿ, ರೇಸಿಗೆ ಕರೆದೊಯ್ಯುವುದು, ಮಗಳನ್ನು ನೋಡಿಕೊಳ್ಳುವುದು, ಎಲ್ಲದಕ್ಕೂ ಹೆಗಲು ಕೊಟ್ಟರು. ಇಷ್ಟನ್ನು ನಿಮ್ಮ ಮನೆಯವರಿಗೂ ಓದಿ ಹೇಳಿ. ಆ ಮಗಳೇ ದೊಡ್ಡವಳಾಗಿ 1972ರಲ್ಲಿ ವಿಶ್ವ ಚಾಂಪಿಯನ್‌ಶಿಪ್‌ಗೆ ತಾಯಿಯ ಜೊತೆ ಬ್ರಿಟನ್ ತಂಡಕ್ಕೆ ಆಯ್ಕೆಯಾದಳು. 1976ರ ರಾಷ್ಟ್ರೀಯ ರೇಸಿನಲ್ಲಿ ತಾಯಿಯನ್ನೇ ಸೋಲಿಸಿದಳು. ಬೆರಿಲ್ ಸಿಟ್ಟಿನಲ್ಲಿ ಕೈ ಕುಲುಕಲಿಲ್ಲ. ಅದು ನನಗೆ ಇಷ್ಟವಾಗದ ನಡತೆ, ಆದರೆ ಗೆಲ್ಲುವ ಹಟ ಅಷ್ಟಿತ್ತು.

ನಿಮಗೂ ಟೈಮ್ ಟ್ರಯಲ್ಲೇ ಸರಿ ಅನ್ನಿಸುತ್ತದೆ. ತಂಡ ಬೇಕಿಲ್ಲ, ರಸ್ತೆ ಮತ್ತು ಗಡಿಯಾರ ಸಾಕು. ನಿಮ್ಮ ಮುಖ್ಯ ರಸ್ತೆಯಲ್ಲಿ ಸಿಮೆಂಟ್ ಲಾರಿ ಜಾಸ್ತಿ, ಅಲ್ವಾ? ಹಳ್ಳಿ ಕಡೆ ಹೋಗುವ ರಸ್ತೆ ಹಿಡಿಯಿರಿ. ಬಿಸಿಲೇರುವ ಮೊದಲೇ ಮುಗಿಸಿ. ಹತ್ತು ಕಿ.ಮೀ. ದೂರ ಗುರುತು ಮಾಡಿಕೊಂಡು ಪ್ರತಿ ವಾರ ಒಮ್ಮೆ ಜೋರಾಗಿ ತುಳಿದು, ಹಿಡಿದ ಸಮಯವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಉಳಿದ ದಿನ ಸುಮ್ನೆ ಹಗುರಾಗಿ ಓಡಿಸಿ. ಎರಡು ತಿಂಗಳಾದ ಮೇಲೆ ಆ ಲೆಕ್ಕ ನನಗೆ ಕಳಿಸಿ, ನೋಡಿ ಮುಂದಿನದು ಹೇಳುತ್ತೇನೆ.