‘ಎಲ್ಲರೂ ಮಾಡಿಸಿ’ ಅಂತ ಬರೆಯಬೇಡಿ, ಡಾಕ್ಟರೇ

ಡಾಕ್ಟರೇ, ನಮಸ್ಕಾರ.

ರಕ್ತನಾಳದ ಪರೀಕ್ಷೆಗಳ ಬಗ್ಗೆ ನೀವು ನಮ್ಮ ಪತ್ರಿಕೆಗೆ ಕಳಿಸಿದ ಲೇಖನ ಓದಿದೆ. ಭಾಷೆ ತಿಳಿಯಾಗಿದೆ. ಆದರೆ ಎರಡು ಕಡೆ ಓದಿ ಸಿಟ್ಟು ಬಂತು. ಅದನ್ನೇ ಹೇಳುತ್ತೇನೆ.

“40 ದಾಟಿದವರೆಲ್ಲ ವರ್ಷಕ್ಕೊಮ್ಮೆ ಕಾಲು, ಕುತ್ತಿಗೆಯ ಡಾಪ್ಲರ್ ಮಾಡಿಸಿಕೊಳ್ಳಿ. ಸೂಜಿಯಿಲ್ಲ, ನೋವಿಲ್ಲ, ನಷ್ಟವೂ ಇಲ್ಲ.”

ನಾಳದಲ್ಲಿ ರಕ್ತ ಹೇಗೆ ಹರಿಯುತ್ತಿದೆ ಎಂದು ನೋಡುವ ಈ ಸ್ಕ್ಯಾನಿಗೆ ‘ಎಲ್ಲ’ ಯಾಕೆ? ನಡೆಯುವಾಗ ಮೀನಖಂಡ ಹಿಡಿದುಕೊಂಡು, ನಿಂತರೆ ಕೆಲವು ನಿಮಿಷದಲ್ಲಿ ಬಿಡುತ್ತದಲ್ಲ, ಅವರಿಗೆ ಬೇಕು. ಪಾದದ ಹುಣ್ಣು ಮಾಯದವರಿಗೆ ಬೇಕು. ಇದ್ದಕ್ಕಿದ್ದಂತೆ ಒಂದು ಕೈ ಸೋತು, ಮಾತು ತೊದಲಿ, ಆಮೇಲೆ ಸರಿಹೋದವರಿಗೆ ಕುತ್ತಿಗೆಯದ್ದು ತುರ್ತಾಗಿ ಬೇಕು. ಇವರ್ಯಾರೂ ನಿಮ್ಮ ಲೇಖನದಲ್ಲಿಲ್ಲ! ಯಾವ ಲಕ್ಷಣವೂ ಇಲ್ಲದವರಲ್ಲಿ, ಮಿದುಳಿಗೆ ರಕ್ತ ಒಯ್ಯುವ ಕುತ್ತಿಗೆ ನಾಳವನ್ನು ಸುಮ್ನೆ ತಪಾಸಣೆ ಮಾಡಬೇಡಿ ಎಂದು, ಯಾರಿಗೆ ಯಾವ ತಪಾಸಣೆ ಬೇಕೆಂದು ಸಲಹೆ ಕೊಡುವ ತಜ್ಞರ ಮಂಡಳಿಯಾದ ಅಮೆರಿಕದ ಪ್ರಿವೆಂಟಿವ್ ಸರ್ವಿಸಸ್ ಟಾಸ್ಕ್ ಫೋರ್ಸ್ 2014ರಲ್ಲಿ ಹೇಳಿತು, 2021ರಲ್ಲಿ ಮತ್ತೆ ಹೇಳಿತು.

“ನಷ್ಟವೂ ಇಲ್ಲ” ಅನ್ನುವುದೂ ಸರಿಯಲ್ಲ. ಸ್ಕ್ಯಾನಿನಲ್ಲಿ ಇಲ್ಲದ ಅಡಚಣೆ ಕಾಣಿಸಬಹುದು. ಅದರ ಬೆನ್ನಿಗೆ ಇನ್ನೊಂದು ಪರೀಕ್ಷೆ, ಕೊನೆಗೆ ಆಪರೇಷನ್. ಆ ಆಪರೇಷನ್ನಿನಿಂದಲೇ ಕೆಲವರಿಗೆ ಪಾರ್ಶ್ವವಾಯು ಆಗುತ್ತದೆ.

ನಾನು ವಾರಪತ್ರಿಕೆ ಸೇರಿದ ಹೊಸದರಲ್ಲಿ ಇಂಥದ್ದೇ ಸಾಲು ಬರೆದಿದ್ದೆ. ಸಂಪಾದಕರು ಹಾಳೆಯನ್ನು ನನ್ನ ಕಡೆ ತಿರುಗಿಸಿ ಕೇಳಿದರು: “ಇದನ್ನು ಓದಿ ನಾಳೆ ಯಾರು ಕೂಲಿ ಬಿಟ್ಟು ಬಸ್ ಹತ್ತಬೇಕು, ಹೇಳು.” ನನ್ನ ಹತ್ತಿರ ಉತ್ತರವಿರಲಿಲ್ಲ. ಆವತ್ತಿನಿಂದ ‘ಎಲ್ಲರೂ’ ಅನ್ನುವ ಪದ ಕಂಡಲ್ಲಿ ನನ್ನ ಪೆನ್ನು ನಿಲ್ಲುತ್ತದೆ.

ಎರಡನೆಯದು ಇನ್ನೂ ಅಪಾಯ. “ಕಣಕಾಲಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿ. 0.9ಕ್ಕಿಂತ ಜಾಸ್ತಿ ಬಂದರೆ ನಿಶ್ಚಿಂತೆ.”

ಬಹಳ ವರ್ಷದಿಂದ ಶುಗರ್ ಇರುವವರಿಗೆ? ಅವರ ನಾಳದ ಗೋಡೆಯಲ್ಲಿ ಕ್ಯಾಲ್ಸಿಯಂ ಕೂತು ಗಟ್ಟಿಯಾಗಿರಬಹುದು. ಬಿಪಿ ಪಟ್ಟಿ ಬಿಗಿದರೂ ನಾಳ ಅಮುಕುವುದಿಲ್ಲ. ಅಂಕಿ ಸುಳ್ಳಾಗಿ ಏರಿ 1.4 ದಾಟಬಹುದು. ಎಷ್ಟೋ ಸಲ ಒಳಗೆ ರಕ್ತ ಸರಿಯಾಗಿ ಹರಿಯದಿದ್ದರೂ 1.1 ಅಂತ ಚೆನ್ನಾಗಿಯೇ ಕಾಣುತ್ತದೆ. ಅಂಥವರಿಗೆ ಕಾಲಿನ ಹೆಬ್ಬೆರಳಿನ ಒತ್ತಡ ಅಳೆಯಬೇಕು, ಅಲ್ವಾ? ಇದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ನಿಮ್ಮ ‘ನಿಶ್ಚಿಂತೆ’ ನಂಬಿ ಹುಣ್ಣಿಗೆ ಅರಿಶಿನ ಹಚ್ಚಿಕೊಂಡು ಮನೆಯಲ್ಲಿ ಕೂತವರು ಕಾಲು ಕಳೆದುಕೊಳ್ಳಬಹುದು.

ಇನ್ನೊಮ್ಮೆ ಬರೆಯಿರಿ. ಬಸ್‌ಸ್ಟ್ಯಾಂಡಿನಿಂದ ಮನೆ ಸೇರುವಷ್ಟರಲ್ಲಿ ಮೂರು ಸಲ ನಿಲ್ಲುವವರಿಂದ ಶುರು ಮಾಡಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟಿರುತ್ತೇನೆ.